ಡ್ರಾಯರೋ, ಕಪಾಟೋ?

ಹೊಸ ಅಡುಗೆಮನೆಯ ನಕ್ಷೆ ಮುಂದಿಟ್ಟುಕೊಂಡು ಕೂತರೆ ಬಣ್ಣದ ಚರ್ಚೆಯೇ ಮುಗಿಯೋದಿಲ್ಲ. ನನಗೆ ಮಾತ್ರ ಕಟ್ಟೆಯ ಕೆಳಗೆ ಏನು ಬರುತ್ತೆ ಅನ್ನೋದೇ ಯೋಚನೆ. ಕೆಳಗಿನ ಕಪಾಟು ಸಾಮಾನ್ಯವಾಗಿ ಸುಮಾರು 60 ಸೆಂ.ಮೀ. ಆಳ. ಬಾಗಿಲು ತೆಗೆದು, ಮಂಡಿಯೂರಿ, ಮುಂದಿನ ಪಾತ್ರೆಗಳನ್ನೆಲ್ಲ ಎತ್ತಿಟ್ಟ ಮೇಲೇ ಹಿಂದಿನದು ಸಿಗೋದು. ಡ್ರಾಯರ್ ಆದರೆ ಎಳೆದ ಕೂಡಲೇ ಆ ಹಿಂದಿನ ಮೂಲೆಯೂ ಕೈಗೆ ಬರುತ್ತೆ. ಆದರೆ ಚಾನೆಲ್, ಅಂದರೆ ಡ್ರಾಯರ್ ಜಾರುವ ಹಳಿ, ಪೂರ್ತಿ ಹೊರಗೆ ಬರುವಂಥದ್ದೇ ಇರಬೇಕು; ಮುಕ್ಕಾಲು ಬಂದು ನಿಂತರೆ ಹಿಂದಿನ ಸಾಮಾನಿನ ಪಾಡು ಮತ್ತೆ ಅದೇ. ಎಷ್ಟು ಕೆಜಿ ತಡೆಯುತ್ತೆ ಅಂತಲೂ ಕೇಳಿಕೊಳ್ಳಿ. ತಟ್ಟೆಗಳ ಅಟ್ಟಿ ನೋಡೋಕೆ ಸಣ್ಣದು, ಭಾರ ಸಣ್ಣದಲ್ಲ.

ಹಾಗಂತ ಎಲ್ಲ ಕಡೆ ಡ್ರಾಯರ್ ಬೇಡ. ಸಿಂಕ್ ಕೆಳಗೆ ಪೈಪು ಇರೋದರಿಂದ ಬಾಗಿಲೇ ವಾಸಿ, ರಿಪೇರಿಗೆ ಬಂದವರು ಹರಸುತ್ತಾರೆ. ಖರ್ಚು ಡ್ರಾಯರಿಗೇ ಜಾಸ್ತಿ. ಕಿರಿದಾದ ಎರಡರ ಬದಲು ಅಗಲದ ಒಂದು ಮಾಡಿಸಿದರೆ ಒಂದು ಜೊತೆ ಚಾನೆಲ್ ಉಳಿಯುತ್ತೆ.

ಕಪಾಟಿಗೂ ಒಂದು ಒಳ್ಳೇ ಗುಣ ಇದೆ ಅನ್ನಿ: ಬಾಗಿಲು ಹಾಕಿದರೆ ಒಳಗಿನ ಗೊಂದಲ ಸುಮ್ಮನಿರುತ್ತೆ. ಡ್ರಾಯರ್ ಎಳೆದಾಗಲೆಲ್ಲ ಕೂಡಿಟ್ಟಿದ್ದೆಲ್ಲ ಕಣ್ಣಿಗೆ ಬೀಳುತ್ತೆ. ಒಂದೇ ಥರದ ಮೂರು ಜರಡಿ ಯಾಕಿವೆ ಅಂತ ಆಗ ಉತ್ತರ ಕೊಡಬೇಕಾಗುತ್ತೆ.