ಆಪ್ಷನ್ ಎಂಟ್ರಿಯ ಭಾನುವಾರ

ಶಿಡ್ಲಘಟ್ಟದ ಹತ್ತಿರದ ಹಳ್ಳಿ. ಸಿಇಟಿ ರ‍್ಯಾಂಕ್ ಬಂದಾಗಿತ್ತು, ಬೇಕಾದ ಕಾಲೇಜು, ಕೋರ್ಸುಗಳನ್ನು ಕ್ರಮವಾಗಿ ನಮೂದಿಸುವ ಆಪ್ಷನ್ ಎಂಟ್ರಿಗೆ ಇನ್ನೆರಡೇ ದಿನ. ನಡುಮನೆಯ ಚಾಪೆ ಮೇಲೆ ಮಗಳ ನೋಟ್‌ಬುಕ್. ಅದರಲ್ಲಿ ಒಂಬತ್ತು ಕಾಲೇಜು, ಒಂಬತ್ತಕ್ಕೂ ಕಂಪ್ಯೂಟರ್ ಸೈನ್ಸ್. ಮೊದಲನೆಯದು ಅವಳಿಗೆ ಸುತರಾಂ ಇಷ್ಟವಿಲ್ಲದ ಕಾಲೇಜು.

"ಕೈಗೆ ಸಿಗೋದನ್ನ ಮೊದಲು ಹಾಕಿಬಿಡೋಣ ಸಾರ್, ದೊಡ್ಡದು ಆಮೇಲೆ," ಅಂದರು ಅಪ್ಪ, ಸಲಹೆಗೆಂದು ಕರೆಸಿದ್ದ ನನಗೆ.

ಹೆತ್ತವರು ಮಾಡುವ ತಪ್ಪುಗಳಲ್ಲಿ ಇದರಷ್ಟು ದುಬಾರಿ ಇನ್ನೊಂದಿಲ್ಲ. ಸೀಟು ಹಂಚುವ ಕಂಪ್ಯೂಟರ್ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತದೆ. ಆ ರ‍್ಯಾಂಕಿಗೆ ಮೊದಲು ದಕ್ಕಿದ ಸೀಟಿಗೇ ನಿಂತುಬಿಡುತ್ತದೆ, ಅದರ ಕೆಳಗಿನದನ್ನು ನೋಡುವುದೇ ಇಲ್ಲ. ಸಿಗದ ಕಾಲೇಜನ್ನು ಮೇಲೆ ಬರೆದ ಮಾತ್ರಕ್ಕೆ ಕೆಳಗಿನ ಸೀಟು ಕೈತಪ್ಪುವುದೂ ಇಲ್ಲ. ಹಾಗಾಗಿ ಆಸೆ ಯಾವ ಕ್ರಮದಲ್ಲಿದೆಯೋ ಪಟ್ಟಿಯೂ ಅದೇ ಕ್ರಮದಲ್ಲಿರಬೇಕು. ಒಂಬತ್ತು ಸಾಲದು, ನಲವತ್ತಾದರೂ ಇರಲಿ. ಆದರೆ ಸಿಕ್ಕರೂ ಸೇರುವುದಿಲ್ಲ ಅನ್ನುವಂಥದ್ದು ಒಂದೂ ಬೇಡ.

ಹೋದ ವರ್ಷದ ಕಟ್‌ಆಫ್ ಪಟ್ಟಿಯಲ್ಲಿ ಅಪ್ಪ ನೋಡುತ್ತಿದ್ದದ್ದು ಜಿಎಂ, ಅಂದರೆ ಮೀಸಲಾತಿಯಿಲ್ಲದ ಸಾಮಾನ್ಯ ವರ್ಗದ ಕಾಲಂ. ಮಗಳು ಹಿಂದುಳಿದ ವರ್ಗದ 2ಎ. "ರೂರಲ್ಲೂ ಇದೆಯಲ್ಲ, ನಾವು ಹಳ್ಳಿಯವರೇ," ಅಂದರು ಅಮ್ಮ. ಗ್ರಾಮೀಣ ಮೀಸಲಾತಿಗೆ ಮನೆ ಎಲ್ಲಿದೆ ಎಂಬುದಲ್ಲ, ಒಂದರಿಂದ ಹತ್ತನೇ ತರಗತಿವರೆಗೆ ಶಾಲೆ ಎಲ್ಲಿತ್ತು ಎಂಬುದು ಲೆಕ್ಕ. ಈ ಹುಡುಗಿ ಹೈಸ್ಕೂಲಿಗೆ ಬಸ್ಸಿನಲ್ಲಿ ಪೇಟೆಗೆ ಹೋಗಿಬಂದವಳು, ಆ ಮೂರು ವರ್ಷದಿಂದ ರೂರಲ್ ಹೋಯಿತು. ಹತ್ತು ವರ್ಷವೂ ಕನ್ನಡ ಮಾಧ್ಯಮವಾದ್ದರಿಂದ ಆ ಮೀಸಲಾತಿ ಉಳಿದಿತ್ತು, ಅರ್ಜಿಯಲ್ಲಿ ಕೇಳಿಯೂ ಇದ್ದಳು. ಅವಳು ನೋಡಬೇಕಾದ ಕಾಲಂ 2ಎಜಿ (ಬರೀ 2ಎ) ಮತ್ತು 2ಎಕೆ (2ಎ ಜೊತೆ ಕನ್ನಡ ಮಾಧ್ಯಮ). ಮಗು ಏಳನೇ ತರಗತಿ ಮುಗಿಸಿ ಶಾಲೆ ಬದಲಿಸುವಾಗಲೇ ಹೆತ್ತವರಿಗೆ ಇದು ತಿಳಿದಿರಬೇಕು, ಆಮೇಲೆ ಸರಿಪಡಿಸಲು ದಾರಿಯಿಲ್ಲ.

ಬೆಂಗಳೂರಿನ ಕಾಲೇಜಿಗೆ ದಿನಾ ಓಡಾಡಬಹುದು ಅನ್ನುವ ಮಾತೂ ಬಂತು. ಚಿಕ್ಕಬಳ್ಳಾಪುರದಿಂದಲೇ ಸುಮಾರು 60 ಕಿಲೋಮೀಟರ್. ಹಳ್ಳಿಯ ಬಸ್ಸು, ಆಮೇಲೆ ಸಿಟಿ ಬಸ್ಸು ಸೇರಿಸಿದರೆ ದಿನದಲ್ಲಿ ಐದು ಗಂಟೆ ರಸ್ತೆಯಲ್ಲೇ ಕಳೆಯುತ್ತದೆ. ಓಡಾಡಲು ಚಿಕ್ಕಬಳ್ಳಾಪುರದ ಎಸ್‌ಜೆಸಿಐಟಿ, ಹಾಸ್ಟೆಲ್ ಆದರೆ ತುಮಕೂರಿನ ಎಸ್‌ಐಟಿ ಎಂದು ಕಾಲೇಜುಗಳನ್ನು ಬೇರೆಬೇರೆ ಮಾಡಿ ಬರೆದದ್ದಾಯಿತು. ಫೀಸು, ಹಾಸ್ಟೆಲ್ಲು ಸೇರಿ ವರ್ಷಕ್ಕೆ ಎಷ್ಟು ಹೊಂದಿಸಬಹುದು ಅನ್ನುವುದನ್ನು ಅಮ್ಮ ಮುಚ್ಚುಮರೆಯಿಲ್ಲದೆ ಮಗಳಿಗೆ ಹೇಳಿದರು. ಸೀಟು ಸಿಕ್ಕಮೇಲೆ ಹೇಳಿದ್ದರೆ ಮಗುವಿಗೆ ಎಷ್ಟು ನೋವಾಗುತ್ತಿತ್ತು!

ಕೊನೆಗೆ ಮಗಳು ನೋಟ್‌ಬುಕ್ಕಿನ ಹಿಂದಿನ ಹಾಳೆ ತಿರುಗಿಸಿದಳು. ಅಲ್ಲಿ ಒಂದೇ ಸಾಲು: ಚಿಂತಾಮಣಿ, ಬಿಎಸ್ಸಿ ರೇಷ್ಮೆ ಕೃಷಿ.

ಅಪ್ಪ ರೇಷ್ಮೆ ಬಿಚ್ಚಾಣಿಕೆಯವರು. ಬಿಸಿನೀರಿನ ಬಾಣಲೆಯಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ತುದಿ ಬೆಳ್ಳಗೆ ಸುಕ್ಕಾಗಿದೆ. ಆ ಕೈಯನ್ನೇ ಮುಂದೆ ಚಾಚಿದರು. "ಇದು ನನ್ನ ತಲೆಗೇ ಸಾಕು ಕಣಮ್ಮ. ಬೇಕಾದ್ರೆ ಕೊನೇಗೆ ಹಾಕು."

ಕೊನೆಗೆ ಹಾಕುವುದೂ ಹಾಕದಿರುವುದೂ ಒಂದೇ. ಎಂಜಿನಿಯರಿಂಗಿಗೂ ಕೃಷಿ ಕೋರ್ಸುಗಳಿಗೂ ರ‍್ಯಾಂಕ್ ಬೇರೆಬೇರೆ, ಆದರೆ ಆ ವರ್ಷದ ನಿಯಮದಲ್ಲಿ ಪಟ್ಟಿ ಒಂದೇ, ಸಿಗುವ ಸೀಟೂ ಒಂದೇ. ಮೇಲಿನ ನಲವತ್ತರಲ್ಲಿ ಯಾವುದೊಂದು ಎಂಜಿನಿಯರಿಂಗ್ ಸೀಟು ಸಿಕ್ಕರೂ ಚಿಂತಾಮಣಿಯ ಸರದಿ ಬರುವುದೇ ಇಲ್ಲ. ಮೊದಲ ಸುತ್ತಿನ ನಂತರ 'ಚಾಯ್ಸ್ 2' ಒತ್ತಿ ಸೀಟು ಹಿಡಿದುಕೊಂಡು ಕಾದರೂ ಮುಂದಿನ ಸುತ್ತಿನಲ್ಲಿ ಸಿಗುವುದು ಅದಕ್ಕಿಂತ ಮೇಲಿನ ಸಾಲಿನದು ಮಾತ್ರ. ಮೇಲಿನದು ಸಿಕ್ಕ ಕ್ಷಣಕ್ಕೆ ಹಿಡಿದದ್ದು ಬೇಡವೆಂದರೂ ಹೋಗುತ್ತದೆ.

ಇದನ್ನು ಅಪ್ಪನಿಗೆ ಎರಡು ಸಲ ಬಿಡಿಸಿ ಹೇಳಬೇಕಾಯಿತು. ಅಂತಿಮ ಹಂಚಿಕೆಗೆ ಮೊದಲು ಅಣಕು ಹಂಚಿಕೆ ಇರುತ್ತದೆ, ಅದನ್ನು ನೋಡಿ ಕ್ರಮ ಬದಲಿಸಬಹುದು ಎಂದಾಗ ಸ್ವಲ್ಪ ಹಗುರಾದರು. "ಹಂಗಾದ್ರೆ ಮೂರನೇದಕ್ಕೆ ಇರ‍್ಲಿ. ಅಣಕು ಬರಲಿ, ಕೂತು ಮಾತಾಡೋಣ."

ಮಗಳು ಎರಡನೆಯ ಸಾಲಿನ ಕೆಳಗೆ ಜಾಗ ಬಿಟ್ಟು ಹೊಸ ಹಾಳೆಯಲ್ಲಿ ಪಟ್ಟಿ ಬರೆಯತೊಡಗಿದಳು. ಅಪ್ಪ ಕನ್ನಡಕ ಹಾಕಿಕೊಂಡು ಕಾಲೇಜು ಕೋಡುಗಳನ್ನು ಒಂದೊಂದಾಗಿ ಓದಿ ಹೇಳಿದರು.