ರೂಬ್ರಿಕ್‌ನಲ್ಲಿ ಇಲ್ಲದ ಸಾಲು

ನೇಮಕಾತಿಯ ಪ್ಯಾನೆಲ್‌ನಲ್ಲಿ ಕೂರಲು ನಮ್ಮ ಶಾಲೆಯಲ್ಲಿ ಯಾರೂ ಮುಂದೆ ಬರುವುದಿಲ್ಲ. ಪಾಠ ಮುಗಿದ ಮೇಲಿನ ಕೆಲಸ ಅದು. ಸಾಲದ್ದಕ್ಕೆ, ತುಂಬಿದ ಅಂಕಗಳನ್ನು ಡಿಸ್ಟ್ರಿಕ್ಟ್‌ನ, ಅಂದರೆ ಈ ಭಾಗದ ಶಾಲೆಗಳನ್ನು ನಡೆಸುವ ಆಡಳಿತದ, ಪೋರ್ಟಲ್ ನುಂಗಿಬಿಡುತ್ತದೆ, ಮತ್ತೆ ಮೊದಲಿನಿಂದ ತುಂಬಬೇಕು. ಆದರೂ ಕಳೆದ ವಸಂತದಲ್ಲಿ ಮೂರನೇ ಗ್ರೇಡಿನ ಹುದ್ದೆಯ ಪ್ಯಾನೆಲ್‌ಗೆ ನಾನಾಗಿಯೇ ಹೆಸರು ಕೊಟ್ಟೆ. ಅರ್ಜಿದಾರರಲ್ಲಿ ನಮ್ಮದೇ ಕಟ್ಟಡದ ಪ್ಯಾರಾ, ಅಂದರೆ ಶಿಕ್ಷಕರಿಗೆ ನೆರವಾಗುವ ಸಹಾಯಕ ಸಿಬ್ಬಂದಿ, ಒಬ್ಬರಿದ್ದರು.

ಅವರು ಕಪ್ಪುವರ್ಣೀಯರು. ನಮ್ಮ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕಪ್ಪುವರ್ಣೀಯರು ಇಲ್ಲವೇ ಲ್ಯಾಟಿನೊ ಮಕ್ಕಳು. ತರಗತಿ ಶಿಕ್ಷಕರಲ್ಲಿ ನನ್ನೊಬ್ಬರನ್ನು ಬಿಟ್ಟರೆ ಎಲ್ಲರೂ ಬಿಳಿಯ ಮಹಿಳೆಯರು. ಅಮೆರಿಕದಲ್ಲಿ ಇದು ಅಪರೂಪವೇನಲ್ಲ. 2020-21ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಇಲ್ಲಿನ ಸಾರ್ವಜನಿಕ ಶಾಲೆಗಳ ಶಿಕ್ಷಕರಲ್ಲಿ ಸುಮಾರು ಶೇ 80ರಷ್ಟು ಬಿಳಿಯರು, ಶೇ 6ರಷ್ಟು ಮಾತ್ರ ಕಪ್ಪುವರ್ಣೀಯರು. ಪ್ರಾಥಮಿಕ ಹಂತದಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಮಹಿಳೆಯರು. ಮಕ್ಕಳಲ್ಲಿ ಬಿಳಿಯರು ಅರ್ಧದಷ್ಟೂ ಇಲ್ಲ.

ಆ ಪ್ಯಾರಾ ಕೊಟ್ಟ ಡೆಮೊ ಪಾಠದ ವಿಷಯ ಭಿನ್ನರಾಶಿ. ನಾಲ್ಕು ಮೂರಕ್ಕಿಂತ ದೊಡ್ಡದು, ಆದ್ದರಿಂದ ನಾಲ್ಕನೇ ಒಂದು ಮೂರನೇ ಒಂದಕ್ಕಿಂತ ದೊಡ್ಡದು ಎಂದು ಒಬ್ಬ ಹುಡುಗಿ ವಾದಿಸಿದಳು. ಅವರು ತಪ್ಪೆನ್ನಲಿಲ್ಲ. ಎರಡನ್ನೂ ಸಂಖ್ಯಾರೇಖೆಯ ಮೇಲೆ ಗುರುತಿಸಲು ಹೇಳಿ ಪಕ್ಕಕ್ಕೆ ಸರಿದು ನಿಂತರು. ಗುರುತು ಹಾಕುತ್ತಲೇ ಅವಳು ತನ್ನ ಉತ್ತರವನ್ನು ತಾನೇ ತಿದ್ದಿಕೊಂಡಳು. ಅಂದು ನಾವು ನೋಡಿದ ಪಾಠಗಳಲ್ಲಿ ಅದೇ ಉತ್ತಮವಾದದ್ದು, ಅಂಕಗಳೂ ಅದನ್ನೇ ಹೇಳುತ್ತಿದ್ದವು.

ಆಮೇಲೆ ಬಾಗಿಲು ಹಾಕಿಕೊಂಡು ಚರ್ಚೆಗೆ ಕುಳಿತೆವು. "ಒಳ್ಳೆಯವರೇ, ಆದರೆ ನಮ್ಮ ತಂಡಕ್ಕೆ ಹೊಂದುತ್ತಾರೆ ಅನಿಸುವುದಿಲ್ಲ" ಎಂದರು ಒಬ್ಬರು. ಇನ್ನಿಬ್ಬರು ತಲೆಯಾಡಿಸಿದರು. ಅದು ರೂಬ್ರಿಕ್‌ನ, ಅಂದರೆ ಅಂಕ ಕೊಡಲು ಬಳಸುವ ಮಾನದಂಡಗಳ ಪಟ್ಟಿಯ, ಯಾವ ಸಾಲಿಗೆ ಬರುತ್ತದೆ ಎಂದು ನಾನು ಕೇಳಿದೆ. ಯಾರೂ ಮಾತನಾಡಲಿಲ್ಲ. ಪ್ರಿನ್ಸಿಪಾಲ್ ಕಾಗದ ತಿರುವಿ ಹಾಕಿದರು, ಮತ್ತೆ ತಿರುವಿದರು. ನಾನು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದೆ. "ಇದೊಂದು ಭಾವನೆ ಅಷ್ಟೇ, ಇದಕ್ಕೆ ಸಾಲು ಹುಡುಕಬೇಡಿ" ಎಂಬ ಉತ್ತರ ಬಂತು. ನನ್ನ ಕಿವಿ ಬಿಸಿಯಾಯಿತು. ಎರಡನೇ ಗ್ರೇಡಿನ ಯಾವುದೇ ಹುಡುಗ ಕುರ್ಚಿ ತಳ್ಳಿದರೆ ಇದೇ ತಂಡ ವಾಕಿಟಾಕಿಯಲ್ಲಿ ಕರೆಯುತ್ತಿದ್ದದ್ದು ಇವರನ್ನೇ. ಕಾರಿಡಾರಿನಲ್ಲಿ ಮಕ್ಕಳನ್ನು ಸಮಾಧಾನಪಡಿಸಲು ಹೊಂದುವ ವ್ಯಕ್ತಿ ತರಗತಿಯ ಒಳಗೆ ಹೊಂದುವುದಿಲ್ಲವೇ? ಇದನ್ನೂ ಕೇಳಿಯೇಬಿಟ್ಟೆ. "ಒಮ್ಮತ ಎತ್ತ ಇದೆಯೋ ಅತ್ತ ಹೋಗೋಣ" ಎಂದು ಪ್ರಿನ್ಸಿಪಾಲ್ ಚರ್ಚೆ ಮುಗಿಸಿದರು. ಒಮ್ಮತ ಇರಲಿಲ್ಲ, ಬಹುಮತವಿತ್ತು. ಆ ಪ್ಯಾರಾ ಅವರನ್ನು ಪಕ್ಕದ ಡಿಸ್ಟ್ರಿಕ್ಟ್ ಬೇಗನೆ ನೇಮಿಸಿಕೊಂಡಿತು.

2016ರಲ್ಲಿ ಅಮೆರಿಕದ ಶಿಕ್ಷಣ ಕಾರ್ಯದರ್ಶಿ (ಶಿಕ್ಷಣ ಸಚಿವ) ಆಗಿದ್ದ ಜಾನ್ ಕಿಂಗ್ ಇದನ್ನು ಕಾಣದ ತೆರಿಗೆ ಎಂದು ಕರೆದಿದ್ದರು: ಶಿಸ್ತಿನ ಹೊರೆಯೆಲ್ಲ ಕಪ್ಪು ಶಿಕ್ಷಕರ ಹೆಗಲಿಗೆ, ಮನ್ನಣೆ ಮಾತ್ರ ಇಲ್ಲ. ವರ್ಣದ ಆಧಾರದಲ್ಲಿ ಶಾಲೆಗಳನ್ನು ಬೇರೆಯಾಗಿಡುವಂತಿಲ್ಲ ಎಂದ 1954ರ ಬ್ರೌನ್ ತೀರ್ಪಿನ ನಂತರ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸುವಾಗ ದಕ್ಷಿಣದ ರಾಜ್ಯಗಳು ಕಪ್ಪು ಶಿಕ್ಷಕರನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಕೆಲಸದಿಂದ ತೆಗೆದವು. ಆ ನಷ್ಟವನ್ನು ಯಾರೂ ತುಂಬಿಕೊಡಲಿಲ್ಲ. ಟೆನೆಸಿಯಲ್ಲಿ 1980ರ ದಶಕದಲ್ಲಿ ಮಕ್ಕಳನ್ನು ಚೀಟಿ ಎತ್ತಿದಂತೆ ತರಗತಿಗಳಿಗೆ ಹಂಚಿ ಒಂದು ಪ್ರಯೋಗ ನಡೆಸಲಾಗಿತ್ತು. ಮೂರನೇ ಗ್ರೇಡಿನೊಳಗೆ ಒಬ್ಬರಾದರೂ ಕಪ್ಪು ಶಿಕ್ಷಕರ ಬಳಿ ಕಲಿತ ಕಪ್ಪು ಮಕ್ಕಳು ಕಾಲೇಜು ಸೇರುವ ಸಾಧ್ಯತೆ ಶೇ 13ರಷ್ಟು ಹೆಚ್ಚಿತ್ತು ಎಂಬುದು ಅದರ ಅಂಕಿಅಂಶಗಳಿಂದ ಮುಂದೆ ಗೊತ್ತಾಯಿತು. ಈ ಅಧ್ಯಯನದ ಸ್ಲೈಡನ್ನು ನಮಗೆ ಪ್ರತಿ ಆಗಸ್ಟಿನ ತರಬೇತಿಯಲ್ಲಿ ತೋರಿಸುತ್ತಾರೆ. ನೇಮಕದ ಕೋಣೆಗೆ ಮಾತ್ರ ಅದು ಬರುವುದಿಲ್ಲ.

ಕಪ್ಪು ಅರ್ಜಿದಾರರೇ ಇಲ್ಲ ಎಂಬ ಮಾತನ್ನು ಆಡಳಿತದವರಿಂದ ಸಾಕಷ್ಟು ಕೇಳಿದ್ದೇನೆ. ಇನ್ನು ಅದನ್ನು ಒಪ್ಪಲಾರೆ.

ಈ ವರ್ಷವೂ ಪ್ಯಾನೆಲ್‌ಗೆ ಕರೆ ಬಂದಿದೆ. ಎರಡು ಬೇಡಿಕೆಗಳನ್ನು ಬರೆದು ಕೊಟ್ಟಿದ್ದೇನೆ: ಚರ್ಚೆಗೆ ಮೊದಲೇ ಎಲ್ಲರೂ ಅಂಕಗಳನ್ನು ಒಪ್ಪಿಸಿರಬೇಕು, ರೂಬ್ರಿಕ್‌ನಲ್ಲಿ ಸಾಲು ತೋರಿಸಲಾಗದ ಆಕ್ಷೇಪವನ್ನು ಪರಿಗಣಿಸಕೂಡದು. ಮೊದಲನೆಯದಕ್ಕೆ ಪ್ರಿನ್ಸಿಪಾಲ್ ಒಪ್ಪಿದ್ದಾರೆ. ಎರಡನೆಯದನ್ನು ಡಿಸ್ಟ್ರಿಕ್ಟ್ ಕಚೇರಿಗೆ ಕಳುಹಿಸಿದ್ದಾರೆ, ಉತ್ತರ ಇನ್ನೂ ಬಂದಿಲ್ಲ.