ನಿರ್ದೇಶಕರು ರಾಗದ ಹೆಸರು ಹೇಳಬೇಕಾಗಿಲ್ಲ

ಸಿನಿಮಾಗೆ ಹಿನ್ನೆಲೆ ಸಂಗೀತ ಕೂಡಿಸುವ ರೀರೆಕಾರ್ಡಿಂಗ್‌ಗೆ ಕುಳಿತಾಗ ನಿರ್ದೇಶಕರ ಬಾಯಿಂದ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ‘ಇಲ್ಲಿ ಸ್ವಲ್ಪ ಫೀಲ್ ಜಾಸ್ತಿ ಬೇಕು’ ಎಂಬುದು. ಹಿನ್ನೆಲೆ ಸಂಗೀತದ ಕೆಲಸವನ್ನೇ ಮಾಡಿಕೊಂಡು ಬಂದಿರುವ ನನಗೆ ಆ ಮಾತಿನ ಅರ್ಥ ಇಂದಿಗೂ ಪೂರ್ತಿಯಾಗಿ ತಿಳಿದಿಲ್ಲ. ವಯಲಿನ್ ಹೆಚ್ಚಿಸಬೇಕೋ, ಲಯ ನಿಧಾನ ಮಾಡಬೇಕೋ, ಸದ್ದನ್ನೇ ಏರಿಸಬೇಕೋ ಎಂದು ಊಹಿಸುತ್ತಲೇ ಎಷ್ಟೋ ರಾತ್ರಿಗಳು ಕಳೆದುಹೋಗಿವೆ.

ಎರಡು ವರ್ಷಗಳ ಹಿಂದೆ ಒಂದು ಸಣ್ಣ ಚಿತ್ರದಲ್ಲಿ, ಓದಲು ಹೊರಟ ಮಗನನ್ನು ತಂದೆ ಬಸ್ಸು ಹತ್ತಿಸುವ ದೃಶ್ಯವಿತ್ತು. ನಿರ್ದೇಶಕರು ದುಃಖದ ಸಂಗೀತ ಕೇಳಿದರು. ಮೊದಲು ಕೊಳಲು ಕೊಟ್ಟೆ, ಆಮೇಲೆ ಸಾರಂಗಿ, ಕೊನೆಗೆ ಇಡೀ ಸ್ಟ್ರಿಂಗ್ಸ್. ಮೂರೂ ಅವರಿಗೆ ಒಪ್ಪಿಗೆಯಾಗಲಿಲ್ಲ. ನಾಲ್ಕನೆಯ ದಿನ ಕಾಫಿ ಕುಡಿಯುತ್ತಾ ಅವರು, ‘ಅಪ್ಪ ತೋಟ ಮಾರಿರೋದು ಮಗನಿಗೆ ಗೊತ್ತಿಲ್ಲ ಸರ್, ಅದಕ್ಕೇ ಬಸ್ಸು ಬೇಗ ಹೊರಟರೆ ಸಾಕು ಅಂತ ಅಪ್ಪ ಒದ್ದಾಡ್ತಿದಾನೆ’ ಎಂದರು. ತೋಟದ ವಿಷಯ ಪ್ರೇಕ್ಷಕರಿಗೆ ತಿಳಿಯುವುದು ಕ್ಲೈಮ್ಯಾಕ್ಸ್‌ನಲ್ಲಿ, ನನಗೆ ಬಂದಿದ್ದದ್ದು ಮೊದಲ ಮೂರು ರೀಲು ಮಾತ್ರ. ಆ ಸಂಜೆ ಉಳಿದೆಲ್ಲ ವಾದ್ಯಗಳನ್ನು ತೆಗೆದುಹಾಕಿ, ಬಸ್ಸಿನ ಎಂಜಿನ್ ಸದ್ದಿನ ಕೆಳಗೆ ಚೆಲ್ಲೊದ ಒಂದೇ ಒಂದು ಸ್ವರವನ್ನು ಇಟ್ಟೆ. ಒಂದೇ ಸಲಕ್ಕೆ ಒಪ್ಪಿಗೆಯಾಯಿತು.

ನಿರ್ದೇಶಕರಿಗೆ ಸಂಗೀತದ ಪರಿಭಾಷೆ ಬರುವುದಿಲ್ಲ ಎಂಬುದು ಕೊರತೆಯೇ ಅಲ್ಲ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಅರ್ಧ ಕಲಿತ ರಾಗದ ಹೆಸರಿಗಿಂತ, ಈ ದೃಶ್ಯದಲ್ಲಿ ಯಾರಿಗೆ ಏನು ಗೊತ್ತು, ಯಾರು ಯಾರಿಂದ ಏನನ್ನು ಮುಚ್ಚಿಡುತ್ತಿದ್ದಾರೆ, ಪ್ರೇಕ್ಷಕನಿಗೆ ಅದರಲ್ಲಿ ಎಷ್ಟು ಈಗಲೇ ತಿಳಿಯಬೇಕು ಎಂಬ ಮೂರು ಸಂಗತಿಗಳು ನಮ್ಮ ಕೈಗೆ ಹೆಚ್ಚು ಕೆಲಸ ಕೊಡುತ್ತವೆ.

1955ರ ‘ಪಥೇರ್ ಪಾಂಚಾಲಿ’ಯ ಒಂದು ದೃಶ್ಯವನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಮಗಳು ತೀರಿಕೊಂಡದ್ದನ್ನು ತಿಳಿಯದೆ ಮನೆಗೆ ಮರಳಿದ ಹರಿಹರ, ಅವಳಿಗೆಂದು ತಂದ ಸೀರೆಯನ್ನು ಮುಂದಿಟ್ಟಾಗ ಅವನ ಹೆಂಡತಿ ಸರ್ಬಜಯಾ ಕುಸಿದು ಅಳುತ್ತಾಳೆ. ಆದರೆ ನಮ್ಮ ಕಿವಿಗೆ ಬೀಳುವುದು ಅವಳ ದನಿಯಲ್ಲ, ತಾರ್ ಶಹನಾಯಿ ಎಂಬ ಕಮಾನಿನ ವಾದ್ಯದ ತಾರಸ್ಥಾಯಿ. ಅಳುವಿನ ಜಾಗವನ್ನು ಖಾಲಿ ಮಾಡಿ ವಾದ್ಯಕ್ಕೆ ಬಿಟ್ಟುಕೊಟ್ಟಿರುವುದರಲ್ಲಿ ಸತ್ಯಜಿತ್ ರಾಯ್ ಅವರ ನಿರ್ದೇಶನವಿದೆ, ಅದನ್ನು ತುಂಬಿದ್ದರಲ್ಲಿ ರವಿಶಂಕರ್ ಅವರ ಸಂಗೀತವಿದೆ. ಆ ಚಿತ್ರದ ಬಹುಪಾಲು ಸಂಗೀತ ಒಂದೇ ರಾತ್ರಿಯಲ್ಲಿ ಧ್ವನಿಮುದ್ರಣವಾಯಿತೆಂಬುದನ್ನು ನೆನೆದರೆ, ಸಮಯದ ಅಭಾವವನ್ನೇ ನೆಪವಾಗಿ ಹೇಳಲು ನನಗೆ ನಾಚಿಕೆಯಾಗುತ್ತದೆ. ಆಮೇಲೆ ವಿಲಾಯತ್ ಖಾನ್, ಅಲಿ ಅಕ್ಬರ್ ಖಾನ್ ಅವರಂಥ ಸಂಗೀತಗಾರರೊಂದಿಗೂ ದುಡಿದ ರಾಯ್, 1961ರ ‘ತೀನ್ ಕನ್ಯಾ’ದಿಂದ ತಮ್ಮ ಚಿತ್ರಗಳಿಗೆ ತಾವೇ ಸಂಗೀತ ಸಂಯೋಜಿಸತೊಡಗಿದರು. ನಮ್ಮ ಬಿ.ವಿ. ಕಾರಂತರೂ ತಾವು ನಿರ್ದೇಶಿಸಿದ ‘ಚೋಮನ ದುಡಿ’ಗೆ ತಾವೇ ಸಂಗೀತ ಕೊಟ್ಟವರು. ಎಲ್ಲ ನಿರ್ದೇಶಕರೂ ಈ ದಾರಿ ಹಿಡಿದರೆ ನನ್ನಂಥವರ ಹೊಟ್ಟೆಪಾಡು ಕಷ್ಟ, ಅದು ಬೇರೆ ಮಾತು.

ಮಾತಿಗೆ ಬದಲಾಗಿ ಈಗ ರೆಫರೆನ್ಸ್ ಟ್ರ್ಯಾಕ್ ಬರುತ್ತದೆ. ಎಡಿಟಿಂಗ್ ಟೇಬಲ್ಲಿನ ಮೇಲೆ ಯಾವುದೋ ಚಿತ್ರದ ಸಂಗೀತವನ್ನು ತಾತ್ಕಾಲಿಕವಾಗಿ ಅಂಟಿಸಿ, ತಿಂಗಳುಗಟ್ಟಲೆ ಅದನ್ನೇ ಕೇಳಿ, ಕೊನೆಗೆ ಅದರ ಮೇಲೆ ಮೋಹ ಬೆಳೆಸಿಕೊಂಡ ನಿರ್ದೇಶಕರಿಗೆ ಬೇರೆ ಯಾವ ಸ್ವರವೂ ಹಿಡಿಸುವುದಿಲ್ಲ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ಗೆ ಅಲೆಕ್ಸ್ ನಾರ್ತ್ ಬರೆದ ಸಂಗೀತವನ್ನು ನಿರ್ದೇಶಕ ಸ್ಟ್ಯಾನ್ಲಿ ಕ್ಯೂಬ್ರಿಕ್ ಕೈಬಿಟ್ಟು, ಸಿದ್ಧ ಶಾಸ್ತ್ರೀಯ ಧ್ವನಿಮುದ್ರಣಗಳನ್ನೇ ಉಳಿಸಿಕೊಂಡರು, ತನ್ನ ಸಂಗೀತ ಇಲ್ಲವೆಂಬುದು ನಾರ್ತ್ ಅವರಿಗೆ ತಿಳಿದದ್ದು ಚಿತ್ರ ನೋಡುವಾಗಲೇ. ಚಿತ್ರ ಶ್ರೇಷ್ಠವಾಯಿತು, ನಡವಳಿಕೆ ಆಗಲಿಲ್ಲ. ರೆಫರೆನ್ಸ್ ಕಳಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ, ಆದರೆ ಅದರಲ್ಲಿ ಮೆಚ್ಚಿದ್ದು ಲಯವೋ, ವಾದ್ಯವೋ, ನಡುವಿನ ಮೌನವೋ ಎಂಬುದನ್ನು ಒಂದು ಸಾಲಿನಲ್ಲಿ ಹೇಳಿಬಿಟ್ಟರೆ ನಕಲು ಮಾಡುವ ಹಂಗು ತಪ್ಪುತ್ತದೆ.

ಎಡಿಟಿಂಗ್ ಲಾಕ್ ಆದ ಮೇಲೆ, ಅಂದರೆ ಇನ್ನು ಬದಲಾವಣೆ ಇಲ್ಲವೆಂದು ತೀರ್ಮಾನವಾದ ಮೇಲೆ, ‘ಬರೀ ಎರಡು ಸೆಕೆಂಡು ತೆಗೆದಿದ್ದೇವೆ’ ಎನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ನಿಮಿಷಕ್ಕೆ 80 ಬಡಿತದ ಲಯದಲ್ಲಿ ಒಂದು ಬಡಿತಕ್ಕೆ ಮುಕ್ಕಾಲು ಸೆಕೆಂಡು, ನಾಲ್ಕು ಬಡಿತದ ಒಂದು ಆವರ್ತಕ್ಕೆ ಮೂರು ಸೆಕೆಂಡು. ಮೂರು ಸೆಕೆಂಡು ತೆಗೆದರೆ ಒಂದು ಆವರ್ತವನ್ನು ಎತ್ತಿಬಿಡಬಹುದು. ಎರಡು ತೆಗೆದರೆ ಎರಡೂ ಮುಕ್ಕಾಲಿಗೆ ಒಂಚೂರು ಕಡಿಮೆ ಬಡಿತ ಹಾರಿಹೋಗಿ, ತಾಳ ಮಧ್ಯದಲ್ಲಿ ಮುರಿದು, ನಾಯಕಿ ತಿರುಗಿ ನೋಡುವ ಕ್ಷಣಕ್ಕೆ ಕೂಡಿಸಿದ್ದ ಸಮ, ಅಂದರೆ ಆವರ್ತದ ಮೊದಲ ಬಡಿತ, ಎಲ್ಲೋ ಗೋಡೆಯ ಮೇಲೆ ಬೀಳುತ್ತದೆ. ಕತ್ತರಿಸುವ ಮುನ್ನ ಒಂದು ಫೋನ್ ಮಾಡಿದರೆ ಸಾಕು.

‘ಬೇಡ’ ಎನ್ನುವ ಮಾತನ್ನಂತೂ ನಿರ್ದೇಶಕರು ಇನ್ನಷ್ಟು ಧೈರ್ಯದಿಂದ ಹೇಳಬೇಕು. 1960ರ ‘ಸೈಕೋ’ದ ಸ್ನಾನದ ಕೋಣೆಯ ಕೊಲೆಗೆ ಸಂಗೀತವೇ ಬೇಡವೆಂದು ಹಿಚ್‌ಕಾಕ್ ಹೇಳಿದ್ದರು, ಬರ್ನಾರ್ಡ್ ಹರ್ಮನ್ ಆದರೂ ಬರೆದು ಕೇಳಿಸಿದರು, ಹಿಚ್‌ಕಾಕ್ ಮನಸ್ಸು ಬದಲಿಸಿದರು. ಸ್ಪಷ್ಟವಾದ ‘ಬೇಡ’ದೊಂದಿಗೆ ಹೀಗೆ ವಾದಿಸಬಹುದು, ‘ಫೀಲ್ ಜಾಸ್ತಿ’ಯೊಂದಿಗೆ ವಾದಿಸಲು ಬರುವುದಿಲ್ಲ.

ಬಸ್ಸಿನ ದೃಶ್ಯದ ಆ ನಿರ್ದೇಶಕರು ಈಗ ಎರಡನೆಯ ಚಿತ್ರ ಮುಗಿಸುತ್ತಿದ್ದಾರೆ. ಈ ಸಲ ಟ್ರ್ಯಾಕ್ ಬಂದಿಲ್ಲ. ಪ್ರತಿ ದೃಶ್ಯದ ಎದುರಿಗೆ ಯಾರಿಗೆ ಏನು ಗೊತ್ತು ಎಂದು ಕೈಯಲ್ಲಿ ಬರೆದ ಹಾಳೆಗಳು ಬಂದಿವೆ. ಮೂವತ್ತೊಂದನೆಯ ದೃಶ್ಯದ ಎದುರಿಗೆ ಮಾತ್ರ ‘ಇಲ್ಲಿ ನೀವು ಬೇಡ ಸರ್’ ಎಂದು ಬರೆದಿದ್ದಾರೆ.